ಅದಲುಬದಲಾದ ಕೈಪಟ್ಟಿ

ಮಂಗಳವಾರ, ಬೆಳಿಗ್ಗೆ ಹನ್ನೊಂದು
ರಕ್ತ ವಿಭಾಗ, ಆರನೇ ಮಂಚ

ಮಹಾಮಹಿಮಳಾದ ಅಕ್ಕನಿಗೆ,

ಅಂಗಾತ ಮಲಗಿದವನ ಸಾಷ್ಟಾಂಗ ನಮಸ್ಕಾರ. ನನ್ನ ಜೀವಾವಧಿ ಶಿಕ್ಷೆ ಯಥಾಪ್ರಕಾರ ನಡೆದಿದೆ: ಮೂರು ವಾರಕ್ಕೊಮ್ಮೆ ಹಾಜರಿ, ಕೈಗೆ ಸೂಜಿ, ತಲೆಯ ಮೇಲೆ ಯಾರೋ ಪುಣ್ಯಾತ್ಮರ ರಕ್ತದ ಚೀಲ.

ಇವತ್ತೊಂದು ಅವಾಂತರವಾಯಿತು. ರಕ್ತ ಹರಿಸುವ ಮುಂಚೆ ಇಬ್ಬರು ಸಿಸ್ಟರುಗಳು ಮಂಚದ ಎರಡು ಬದಿ ನಿಂತು, ಒಬ್ಬರು ಚೀಲದ ಚೀಟಿಯನ್ನೂ ಇನ್ನೊಬ್ಬರು ರೋಗಿಯ ಕೈಪಟ್ಟಿಯನ್ನೂ ಗಟ್ಟಿಯಾಗಿ ಓದಬೇಕಲ್ಲ, ಓದಿದರು. ಎಲ್ಲ ತಾಳೆಯಾಯಿತು. ಆದರೆ ನನ್ನ ಚೀಲ ಪಕ್ಕದ ಮಂಚದ ಟೈಲರ್ ಮಾವನ ತಲೆಯ ಮೇಲೆ ನೇತಾಡುತ್ತಿತ್ತು. ದೊಡ್ಡ ಸಿಸ್ಟರ್ ಬಂದವರೇ ಚೀಟಿಯಲ್ಲಿದ್ದ ವಯಸ್ಸು ನೋಡಿ, "ಇದೇನ್ರೇ, ಹತ್ತೊಂಬತ್ತರ ಹುಡುಗನಿಗೆ ಬೋಳು ತಲೆ" ಎಂದು ನಕ್ಕರು. ಮರುಕ್ಷಣ ನಗು ನಿಂತಿತು. ತಾವೇ ಚೀಲ ಇಳಿಸಿದರು. ಗುಂಪು ತಪ್ಪಿದ ರಕ್ತ ಹರಿದಿದ್ದರೆ ಮಾವ ಉಳಿಯುತ್ತಿರಲಿಲ್ಲವಂತೆ.

ಪಟ್ಟಿ ಕಟ್ಟಿದವಳು ಹೊಸ ಸಿಸ್ಟರ್, ಬಂದು ತಿಂಗಳಾಗಿಲ್ಲ. ಅವಳೇ ಅದಲುಬದಲು ಕಟ್ಟಿದಳೆಂದು ತೀರ್ಮಾನ. ಎರಡು ಗಂಟೆಗೆ ಅಧೀಕ್ಷಕರ ಮುಂದೆ ವಿಚಾರಣೆ. ಕೆಲಸ ಹೋದ ಹಾಗೇ ಲೆಕ್ಕ ಎಂದಳು ಆಯಾ.

ಪಾಪ, ಗಡಿಬಿಡಿಯಲ್ಲಿ ಕಟ್ಟಿರಬೇಕು. ಇಲ್ಲ ಅಕ್ಕ, ಸರಿಯಾಗಿಯೇ ಕಟ್ಟಿದ್ದಳು. ಮಾವ ಗೊರಕೆ ಹೊಡೆಯುವಾಗ ನಾನೇ ಸೋಪು ಸವರಿ ಎರಡೂ ಪಟ್ಟಿ ಜಾರಿಸಿ ಅದಲುಬದಲು ಮಾಡಿದೆ. ನಮ್ಮಿಬ್ಬರದೂ ಕಡ್ಡಿಗೈ. ಎಬ್ಬಿಸಿ ಹೆಸರು ಕೇಳುತ್ತಾರೆ, ಆಗ ತಮಾಷೆ ನೋಡೋಣ ಎಂದಿದ್ದೆ. ಎಬ್ಬಿಸಲೇ ಇಲ್ಲ. ಅವರು ಓದುತ್ತಿದ್ದರೆ ನಾನು ಕಣ್ಣು ಮುಚ್ಚಿ ನಗು ತಡೆಯುತ್ತಿದ್ದೆ.

ಬಾಯಿ ಬಿಟ್ಟರೆ ಇಲ್ಲಿಂದ ಹೊರಗೆ ಹಾಕುತ್ತಾರೆ. ಇಡೀ ಊರಿಗೆ ಇದೊಂದೇ ವಿಭಾಗ. ಮುಂದಿನ ಚೀಲಕ್ಕೆ ಎಲ್ಲಿಗೆ ಹೋಗಲಿ? ಎದ್ದು ಓಡೋಣವೆಂದರೆ ಕೊಳವೆಯ ಉದ್ದ ಎರಡೇ ಮೊಳ.

ಚೀಲ ಇಳಿಸಿದ ಮೇಲೆ ಮೂವರು ಚುಚ್ಚಿ ಸೋತಾಗ ನನ್ನ ನರ ಹಿಡಿದವಳೂ ಆ ಹೊಸ ಸಿಸ್ಟರೇ. ಹತ್ತಿ ಒತ್ತುತ್ತಾ, "ನೀನೇನಾದ್ರೂ ಬಿಚ್ಚಿದ್ಯೇನೋ? ಹೇಳ್ಬಿಡು, ಬೈಯಲ್ಲ" ಎಂದು ಮೆಲ್ಲಗೆ ಕೇಳಿದಳು. ಇಲ್ಲ ಎಂದೆ. ನಂಬಿದಳು. ಈಗ ಎದುರಿನ ಮೇಜಿನಲ್ಲಿ ಕೂತು ಕೈಬರಹದ ವಿವರಣೆ ಬರೆಯುತ್ತಿದ್ದಾಳೆ. ಮೂರು ಹಾಳೆ ಹರಿದಾಯಿತು. "ನಾನೇ ತಪ್ಪು ಕಟ್ಟಿರಬಹುದು ಅಂತ ಬರೀಲಾ?" ಎಂದು ದೊಡ್ಡ ಸಿಸ್ಟರನ್ನು ಕೇಳಿದ್ದು ಕಿವಿಗೆ ಬಿತ್ತು.

ಅಮ್ಮನಿಗೆ ನೀನೇ ಹೇಗಾದರೂ ಹೇಳು.

ಚೀಲ ಖಾಲಿಯಾಗುವವರೆಗೆ ಬಂದಿಯಾದ,
ನಿನ್ನ ತಮ್ಮ

ತಾ.ಕ.: ಅಂಚೆಗೆ ಹಾಕಲು ಇದನ್ನು ಹೊಸ ಸಿಸ್ಟರ್ ಕೈಗೇ ಕೊಡುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ, ಮೊದಲು ನೀವೇ ಓದಿ ಎನ್ನುತ್ತೇನೆ. ಅಧೀಕ್ಷಕರು ಸಾಕ್ಷಿಯೆಂದು ಇಟ್ಟುಕೊಂಡರೆ ಈ ಕಾಗದ ನಿನಗೆ ತಲುಪುವುದಿಲ್ಲ. ಅಂಚೆಯವನನ್ನು ಬೈಯಬೇಡ.