ಕಿಲ್ಲೇದಾರನ ಬೀಗದ ಕೈ

ಭಾಖರಗಢ
ಭಾದ್ರಪದ ದಶಮಿ, ಮಂಗಳವಾರ

ಪ್ರೀತಿಯ ಅಮ್ಮಾ,

ಕಾಲಿನ ಪ್ಲಾಸ್ಟರ್ ಬಿಚ್ಚಿದರೇ? ಮಾವನ ಮನೆಯ ಮೆಟ್ಟಿಲನ್ನು ಈಗ ಒಬ್ಬರೇ ಇಳಿಯುತ್ತೀರಾ? ಅತ್ತೆ ಮಾಡುವ ಸಜ್ಜೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತೀರಂತೆ. ಅವರೆದುರು ಮಾತ್ರ ಹಾಗೆ ಮಾಡಬೇಡಿ. ಜೋಧಪುರದಲ್ಲಿ ಮಳೆ ನಿಂತಿರಬೇಕು. ಇಲ್ಲಿ ನಿಂತಿಲ್ಲ.

ಹೇಗೆ ಬರೆಯಲಿ ಎಂದು ಯೋಚಿಸುತ್ತಲೇ ವಾರ ಕಳೆಯಿತು. ರಾಣೀವಾಸದ ಪಡುವಣ ಬುರುಜು ಕುಸಿದಿದೆ. ಅದರೊಂದಿಗೆ ನಿಮ್ಮ ಕೋಣೆಯ ಜರೋಖಾವೂ ಹೋಯಿತು. ನೀವು ಮುಸುಕು ಸರಿಸಿ ಕುಳಿತು ಬಯಲಿನ ದನಗಳನ್ನು ನೋಡುತ್ತಿದ್ದ ಆ ಕಲ್ಲಿನ ಜಾಲಂಧ್ರ ಇಳಿಜಾರಿನ ಕಳ್ಳಿಗಿಡಗಳ ನಡುವೆ ಬಿದ್ದಿದೆ. ಕೈಯಾಡಿಸಿದರೆ ಮೊಟ್ಟೆಯ ಚಿಪ್ಪಿನಂತೆ ನುಣುಪಾಗಿದ್ದ ಗಾರೆ ಒಳಗೆಲ್ಲ ಹಸಿಮಣ್ಣಾಗಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಕೊಡದಲ್ಲಿ ಹೊತ್ತು ತಂದ ನೀರಿಗಷ್ಟೇ ಕಟ್ಟಿದ ಚರಂಡಿಗಳಿವು, ನಳ ಬಂದ ಮೇಲೆ ಬಚ್ಚಲ ನೀರೆಲ್ಲ ಗುಡ್ಡದ ಹೊಟ್ಟೆಗೆ ಇಳಿದಿದೆ ಎಂದರು ಪಟ್ಟಣದಿಂದ ಬಂದ ಎಂಜಿನಿಯರ್. ಆನೆ, ತೋಪುಗಳಿಗೆ ಬಗ್ಗದ ಗೋಡೆ ನಳಕ್ಕೆ ಬಗ್ಗಿತು. ಸೊಸೆ ಮುಸುಕು ಹಾಕಿಕೊಂಡು ನೀರಿಗೆ ಕಾಯಬಾರದೆಂದು ಅಜ್ಜ ಆಸೆಯಿಂದ ಹಾಕಿಸಿದ ನಳ ಅದು. ನೀವು ಇದನ್ನು ತಲೆಗೆ ಕಟ್ಟಿಕೊಳ್ಳಬೇಡಿ.

ಬಿರುಕು ಈಗ ಅಪ್ಪ ಮಲಗುವ ಮೋತಿಮಹಲಿಗೂ ಬಂದಿದೆ. ಚಾವಣಿಯ ಕನ್ನಡಿ ಚೂರುಗಳು ಹಾಸಿಗೆಗೆ ಉದುರುತ್ತವೆ. ಅಪ್ಪ ಹೊದಿಕೆ ಕೊಡವಿ ಅಲ್ಲೇ ಮಲಗುತ್ತಾರೆ. ತಕ್ಷಣ ಇಳಿಯಬೇಕೆಂದು ಎಂಜಿನಿಯರ್ ಹೇಳಿದಾಗ, "ಸಾಹೇಬ್ರೇ, ಕಿಲ್ಲೇದಾರ ತಾನಾಗಿ ಇಳಿಯೋದಿಲ್ಲ. ಇಳಿಸೋಕೆ ಬರೋರು ಬರ್ಬೇಕು" ಎಂದು ಅಪ್ಪ ಮೀಸೆ ಸವರಿಕೊಂಡರು. ನಮ್ಮ ವಂಶವನ್ನು ಕೋಟೆ ಕಾಯಲು ನೇಮಿಸಿದ ರಾಜಮನೆತನ ದಿಲ್ಲಿಯ ಯಾವುದೋ ಮಹಡಿಯಲ್ಲಿದೆ. ಸೈನ್ಯವಿಲ್ಲ, ಸಂಬಳವಿಲ್ಲ. ಆದರೂ ಸಂಜೆ ಸೂರಜ್‌ಪೋಲ್‌ನ ಮೊಳೆಬಾಗಿಲಿಗೆ ಬೀಗ ಜಡಿದು, ಅದರ ಮೇಲೆ ದೀಪ ಹಚ್ಚಿಟ್ಟು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ ಅವರಿಗೆ ಸಮಾಧಾನವಿಲ್ಲ.

ಗುಡ್ಡದಡಿಯ ನಗಾರಿ ಬಾರಿಸುವವರ ಮನೆಯ ಧಾಪೂಬಾಯಿ ಮಜ್ಜಿಗೆ ತಂದವಳು, "ಬಾಯಿಸಾ, ನಿಮ್ಮಪ್ಪ ಮದ್ವೆ ಆಗಿರೋದು ಈ ಗೋಡೇನ. ನಿಮ್ಮಮ್ಮ ಬರೀ ನೆಂಟರು" ಎಂದು ಹಂಗಿಸಿದಳು. ಅಪ್ಪನಿಗೆ ಕೇಳಿಸಿತು. ನಗಲಿಲ್ಲ, ಬೈಯಲೂ ಇಲ್ಲ. "ಹೋದ ನೆಂಟರು ಯಾವಾಗ ಬರ್ತಾರಂತೆ, ಕೇಳು" ಎಂದರು.

ಅಪ್ಪನನ್ನು ಇಳಿಸುವ ದಾರಿ ತೋರಿಸಿದವಳೂ ಧಾಪೂಬಾಯಿಯೇ. ನಮ್ಮ ವಂಶದವರೊಬ್ಬರು ಬಾಗಿಲ ಹೊರಗೆ ಬರಿಗಾಲಲ್ಲಿ ನಿಂತು, ಆಶಾಪುರಾ ಮಾತೆಯ ಹೆಸರಲ್ಲಿ ಬೀಗದ ಕೈ ಕೇಳಬೇಕಂತೆ. ಕೊಟ್ಟ ಮೇಲೆ ಹಳೆಯ ಕಿಲ್ಲೇದಾರ ಹಿಂದಿರುಗಿ ನೋಡದೆ ಇಳಿಯಬೇಕಂತೆ. ಚಿಕ್ಕಪ್ಪನನ್ನು ಕೇಳಿದರೆ, ಅಹಮದಾಬಾದಿನಿಂದ "ಹೊಸ ಬೀಗ ಬೇಕಾದ್ರೆ ಕಳಿಸ್ತೀನಿ" ಎಂದು ಹೇಳಿ ಕಳಿಸಿದರು. ನನಗೆ ಅಣ್ಣತಮ್ಮಂದಿರಿಲ್ಲ. "ನೀವೇ ಕೇಳಿ ಬಾಯಿಸಾ. ಕಾಲೇಜಲ್ಲಿ ಅಷ್ಟೊಂದು ಓದಿದ್ದೀರಿ, ಬಾಯ್ಬಿಟ್ಟು ಎರಡು ಮಾತಾಡೋಕಾಗಲ್ವಾ?" ಎಂದಳು ಅವಳು. ಕೋಣೆಯಲ್ಲಿ ಒಬ್ಬಳೇ ಹೇಳಿ ನೋಡಿದೆ. ನಾಳೆ ಕೇಳುತ್ತೇನೆ. ಅಪ್ಪ ಕೊಟ್ಟರೆ, ಬೀಗ ಜಡಿದು ನಾನೂ ಅವರ ಹಿಂದೆಯೇ ಇಳಿದುಬಿಡುವುದೆಂದು ಯೋಚಿಸಿದ್ದೇನೆ.

ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ. ಮಾತೆ ನಿಮ್ಮ ಕಾಲಿಗೆ ಬಲ ಕೊಡಲಿ.

ನಿಮ್ಮ ಮಗಳು
ಉಗಮ್

ತಾ.ಕ.: ಮಳೆಯಿಂದ ಕಾಗದ ಅಂಚೆಗೆ ಹೋಗಲಿಲ್ಲ, ಅದಕ್ಕೇ ಇದನ್ನು ಸೇರಿಸುತ್ತಿದ್ದೇನೆ. ಕೇಳಿದೆ. ಅಪ್ಪ ನನ್ನ ಬರಿಗಾಲುಗಳನ್ನು ನೋಡಿದರು. "ಹೆಣ್ಮಕ್ಕಳಿಗೆ ಕೊಟ್ಟಿದ್ದಿಲ್ಲ" ಎಂದರು. ಆಮೇಲೆ, "ಕೊಡಬಾರ್ದು ಅಂತಾನೂ ಯಾರೂ ಹೇಳಿಲ್ಲ." ಕೊಟ್ಟು, ಒಡೆಯರಿಗೆ ಹೇಳುವಂತೆ ನನಗೆ "ಹುಕುಮ್" ಎಂದು ತಲೆಬಾಗಿ ಇಳಿದುಹೋದರು. ಈಗ ಧಾಪೂಬಾಯಿಯ ಮನೆಯಲ್ಲಿದ್ದಾರೆ. ಆದರೆ ಮುಸ್ಸಂಜೆಗೆ ಅಂಗಳದಲ್ಲಿ ನಿಂತು, ಸೂರಜ್‌ಪೋಲ್‌ನ ಮೇಲೆ ಕಿಲ್ಲೇದಾರನ ದೀಪ ಕಾಣುವವರೆಗೆ ತಟ್ಟೆ ಮುಟ್ಟುವುದಿಲ್ಲವಂತೆ. ಬೀಗ ಜಡಿದು ಇಳಿಯಲು ನನ್ನಿಂದಾಗಲಿಲ್ಲ ಅಮ್ಮಾ. ನಾನು ಮೇಲೆಯೇ ಇದ್ದೇನೆ. ಬಿರುಕು ಬಾಗಿಲಿನ ಕಮಾನಿಗೂ ಹತ್ತಿದೆ. ಮಾವನನ್ನು ಬೇಗ ಕಳಿಸಿ. ನಿಮಗೆ ಮೈ ಸರಿಯಿಲ್ಲವೆಂದಾದರೂ ಹೇಳಿ ಅಪ್ಪನನ್ನು ಜೋಧಪುರಕ್ಕೆ ಕರೆಸಿಕೊಳ್ಳಿ. ಈ ಗುಡ್ಡ ಅವರಿಗೆ ಕಾಣದಂತಾದ ದಿನ ನಾನು ದೀಪ ಹಚ್ಚದೆ ಇಳಿಯಬಹುದು.