ಅತ್ತೀ, ಈ ಸಲ ನಿನ್ನ ಮಗನನ್ನು ತೊಳೆದು ಕಳಿಸಲಿಲ್ಲ

ನನ್ನ ಅತ್ತೀ,

ಇತ್ತ ನಾವು ಕ್ಷೇಮ, ಅತ್ತ ನಿನ್ನ ಕ್ಷೇಮಕ್ಕೆ ಬರೆಯುವುದು ಎಂದೆಲ್ಲ ಶುರು ಮಾಡಲು ನನಗೆ ಪುರುಸೊತ್ತಿಲ್ಲ. ಬಾಯಿ ತುಂಬ ಸುದ್ದಿಯಿದೆ. ಒಲೆಯ ಮೇಲೆ ಬೇಳೆ ಕುದಿಯುತ್ತಿದೆ, ಉಕ್ಕಿದರೆ ಉಕ್ಕಲಿ. ನಿನಗೆ ಓದಲು ಬಾರದು, ಗೊತ್ತು. ಮಿಲಿಟರಿಯಿಂದ ನಿನ್ನ ಮಗ ಬರೆದ ಕಾಗದಗಳನ್ನು ಲಂಗ ಹಾಕಿಕೊಂಡಿದ್ದ ನಾನೇ ಓಡಿಬಂದು ಓದಿ ಹೇಳುತ್ತಿದ್ದೆನಲ್ಲ, ಇದನ್ನೂ ಹಾಗೆಯೇ ಗಟ್ಟಿಯಾಗಿ ಓದುತ್ತ ಬರೆಯುತ್ತಿದ್ದೇನೆ. ಸುದ್ದಿ ಏನೆಂದು ಈಗಲೇ ಹೇಳುವುದಿಲ್ಲ. ಕಥೆ ಹೇಳುವಾಗ ನೀನು ನನ್ನನ್ನು ಎಷ್ಟು ಕಾಯಿಸುತ್ತಿದ್ದೆ? ಈಗ ನಿನ್ನ ಪಾಳಿ. ಇನ್ನೊಂದು ಮಾತು. ಊರ ಮುಂದೆ ನಿನ್ನ ಮಗನನ್ನು ‘ಅವರು’ ಎನ್ನುತ್ತೇನೆ. ನಿನ್ನ ಮುಂದೆ ಮಾತ್ರ ಎಂದಿನಂತೆ ‘ಅವನು’. ನೀನು ನನ್ನಪ್ಪನ ಅಕ್ಕ, ಅವನು ನನ್ನ ಜಡೆ ಎಳೆದು ಬೆಳೆದವನು. ನಿನ್ನೆದುರಿಗೆ ಅವನಿಗೇನು ಬಹುವಚನ?

ಮದುವೆಯಾದ ಹೊಸದರಲ್ಲಿ ನಮ್ಮ ಕೋಣೆಯ ಬಾಗಿಲು ಬಡಿಯುತ್ತಿದ್ದೆ, ನೆನಪಿದೆಯಾ? ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಅವನ ಗೊರಕೆ ಓಣಿಗೆಲ್ಲ ಕೇಳುತ್ತಿತ್ತು, ಅದು ಬೇರೆ ಮಾತು. ಆದರೆ ನಿನಗೆ ಎಚ್ಚರವಾಗುತ್ತಿದ್ದದ್ದು ಗೊರಕೆ ಕೇಳಿ ಅಲ್ಲ, ಗೊರಕೆ ನಿಂತಾಗ. “ಶಾಂತಾ, ಉಸ್ರ ನಿಂತೈತಿ ನೋಡ! ಬೆನ್ನಿಗೆ ಕೈ ಹಚ್ಚಿ ದಬ್ಬು!” ನಾನು ದಬ್ಬುತ್ತಿದ್ದೆ. ಬಾವಿಯಲ್ಲಿ ಮುಳುಗಿ ಮೇಲೆ ಬಂದವನ ಹಾಗೆ ಅವನು ಗಕ್ಕನೆ ಉಸಿರೆಳೆದುಕೊಳ್ಳುತ್ತಿದ್ದ, ಮತ್ತೆ ಗೊರಕೆ ಶುರುವಾಗುತ್ತಿತ್ತು. ಬಾಗಿಲಾಚೆ ನೀನು ‘ಶಿವಾ’ ಎಂದು ಒರಗುತ್ತಿದ್ದೆ. ಮಲಗುತ್ತಿದ್ದೆಯೋ, ಇಲ್ಲ ಸುಮ್ಮನೆ ಕಿವಿಗೊಟ್ಟು... ನಾನು ಎಂದೂ ಕೇಳಲಿಲ್ಲ.

ಪಕ್ಕದ ಹೊಲದ ನಿಂಗಪ್ಪಣ್ಣ ಬಾವಿ ತೋಡಿಸಿದ ದಿನ ಬಂಡೆಗೆ ಮದ್ದಿಟ್ಟಿದ್ದರು. ಢಂ ಎಂದದ್ದೇ ತಡ, ಜೋಳ ಕೊಯ್ಯುತ್ತಿದ್ದ ನಿನ್ನ ಮಗ ಕುಡಗೋಲು ಬಿಸಾಕಿ ಮಣ್ಣಿನಲ್ಲಿ ಮುಖವಿಟ್ಟು ಬಿದ್ದುಬಿಟ್ಟ. ಕೂಲಿಗೆ ಬಂದವರು ನಕ್ಕರು. ನೀನು ನಗಲಿಲ್ಲ. ಅವನ ಮಗ್ಗುಲಿಗೆ ನೀನೂ ಎರೆಮಣ್ಣಿನಲ್ಲಿ ಮಲಗಿ ಬೆನ್ನ ಮೇಲೆ ಕೈಯಿಟ್ಟೆ. ಆಗಲೇ ಅಲ್ಲವೇ ಅವನು ಬಾಯಿಬಿಟ್ಟದ್ದು? ಎಪ್ಪತ್ತೊಂದರ ಯುದ್ಧದಲ್ಲಿ ಕಂದಕ ಕುಸಿದು ತಾನೂ ಜೊತೆಗಾರನೂ ಮಣ್ಣಿನಡಿ ಸಿಕ್ಕಿಕೊಂಡರು, ಕತ್ತಲಲ್ಲಿ ಪಕ್ಕದವನ ಉಸಿರು ಕೇಳುತ್ತಿತ್ತು, ಆಮೇಲೆ ಕೇಳಲಿಲ್ಲ... ಅಷ್ಟಕ್ಕೇ ನಿಲ್ಲಿಸಿದ. ಅವನು ರಾತ್ರಿಯೆಲ್ಲ ಚೀರುತ್ತಿದ್ದನೆಂದು ಪಲ್ಟನಿನಲ್ಲಿ ನಿದ್ದೆಯ ಗುಳಿಗೆ ಕೊಟ್ಟಿದ್ದರಂತೆ. ಊರಿಗೆ ಬಂದ ಮೇಲೂ ಅದೇ ಗುಳಿಗೆಯನ್ನು ಕೊಪ್ಪಳದಿಂದ ತರಿಸಿ ನುಂಗುತ್ತಿದ್ದ. ನಿದ್ದೆ ಬಂದರೆ ಸಾಕು ಎಂದು ನಾವೂ ಸುಮ್ಮನಿದ್ದೆವು.

ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಅವನಿಗೆ ವಾಚ್‌ಮನ್ ಕೆಲಸ ಸಿಕ್ಕಾಗ ನೀನು ಓಣಿಗೆಲ್ಲ ಸಕ್ಕರೆ ಹಂಚಿದೆ. ಏನು ಸಂಭ್ರಮ, ಏನು ಬಡಿವಾರ! ಅವನೋ ಹಾಡುಹಗಲೇ ಗೇಟಿಗೆ ಒರಗಿ ನಿಂತಲ್ಲೇ ನಿದ್ದೆ ಹೋದ. ಭತ್ತದ ಲಾರಿಯವರು ಹಾರ್ನ್ ಹೊಡೆದು ಹೊಡೆದು ಸೋತರು, ಸಾಹುಕಾರ ಮನೆಗೆ ಕಳಿಸಿದ. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ, ಯಲಬುರ್ಗಿ ಬಸ್ಸು ಹತ್ತಿದರೆ ಇಳಿಯುವುದು ಕುಷ್ಟಗಿಯಲ್ಲಿ. ನಿಂಗಪ್ಪಣ್ಣ ಕಟ್ಟೆಯ ಮೇಲೆ ಕೂತು, “ಮಿಲಿಟ್ರಿ ರೊಟ್ಟಿ ತಿಂದ ಮೈ, ಬಗ್ಗವಲ್ದು. ನಮ್ಮೂರಿಗೂ ಒಬ್ಬ ಕುಂಭಕರ್ಣ ಬಂದ ನೋಡ್ರಿ!” ಎಂದ. ರೊಟ್ಟಿ ಬಡಿಯುತ್ತಿದ್ದ ನೀನು ಹಿಟ್ಟಿನ ಕೈಯಲ್ಲೇ ಎದ್ದು ಹೋದೆ. “ನನ್ನ ಮಗ ಮೈಗಳ್ಳ ಅಲ್ಲೋ ನಿಂಗ್ಯಾ! ಲಡಾಯಿ ಅವನ್ನ ಇನ್ನಾ ಬಿಟ್ಟಿಲ್ಲ. ರೊಕ್ಕ ಬರ್ಲಿ ಬಿಡ್ಲಿ, ಆ ಮಾತು ಸರ್ಕಾರದ ಬಾಯಿಲೇ ಹೇಳಸ್ತೀನಿ. ಅಲ್ಲೀಮಟಾ ನಾ ಸಾಯಾಂಗಿಲ್ಲ!” ಸಾಯುವುದಿಲ್ಲ ಅಂದಿದ್ದೆ, ಅತ್ತೀ. ನಾಲ್ಕು ಮಂದಿ ಕೇಳಿಸಿಕೊಂಡಿದ್ದರು.

ಅಂಗವಿಕಲ ಸೈನಿಕರ ಪಿಂಚಣಿಗೆ ನಾನು ಅರ್ಜಿ ಬರೆದೆ. ಕೈಕಾಲು ಹೋದವರಿಗೆ ಕೊಡುತ್ತಾರೆಂದು ಕೇಳಿದ್ದೆವು, ನಿದ್ದೆ ಹೋದವರಿಗೂ ಕೊಡುತ್ತಾರೆಯೇ, ಯಾರಿಗೆ ಗೊತ್ತಿತ್ತು? ಆದರೂ ಮೆಡಿಕಲ್ ಬೋರ್ಡಿನ ಮುಂದೆ ಬರಬೇಕೆಂದು ಕರೆ ಬಂತು. ಆಗ ನೀನು ಮಾಡಿದ್ದೇನು? ಎಣ್ಣೆ ತಿಕ್ಕಿ, ಸೀಗೆಕಾಯಿ ಹಾಕಿ, ಹಂಡೆ ನೀರು ಹೊಯ್ದು ಎರೆದೆ. ಮಾದಲಿ ಮಾಡಿ ತುಪ್ಪ ಸುರಿದು ಉಣ್ಣಿಸಿದೆ. ಎರಡು ದಿನ ಕೆಲಸ ಮುಟ್ಟಗೊಡದೆ ಮಲಗಿಸಿ, ನಾವಿಬ್ಬರೂ ಪಾಳಿಯ ಮೇಲೆ ಬೆನ್ನು ಕಾದೆವು. ಇಸ್ತ್ರಿ ಅಂಗಿ, ಎದೆಯ ಮೇಲೆ ಪದಕ, ಹುರಿಗೊಳಿಸಿದ ಮೀಸೆ! ಒಂದು ಬಾಸಿಂಗ ಕಟ್ಟುವುದಷ್ಟೇ ಬಾಕಿ. “ಜಡ್ಡು ಆಗೈತಿ ಅಂತ ಹೇಳಾಕ ಹೊಂಟಾನ, ಇಷ್ಟ್ಯಾಕ ಸಿಂಗಾರ?” ಅಂದರೆ, “ದೊಡ್ಡ ಮಂದಿ ಮುಂದ ಹೋಗಾಂವ, ಭಿಕಾರಿಗತೆ ಹೋಗ್ಬೇಕೇನು?” ಎಂದು ನನಗೇ ಗದರಿದೆ. ನಮ್ಮ ಕಡೆಯವರದೆಲ್ಲ ಇದೇ ಹಣೆಬರಹ. ದವಾಖಾನೆಗೆ ಹೊರಡುವಾಗಲೇ ಪೆಟ್ಟಿಗೆಯ ತಳದ ಸೀರೆ ಹೊರಗೆ ಬರುವುದು.

ಅವನು ವಾಪಸು ಬಂದ ಸಂಜೆ ನೀನು ಹೊಸ್ತಿಲಲ್ಲೇ ನಿಂತಿದ್ದೆ. “ಏನಂದ್ರೋ?” “ಸಾಹೇಬ್ರು ಭಾಳ ಖುಷಿ ಆದ್ರಬೇ. ಕೈಸೇ ಹೋ ಜವಾನ್, ಹ್ಯಾಂಗದೀ ಅಂದ್ರು. ಏಕ್‌ದಂ ಠೀಕ್ ಹೂಂ ಸಾಬ್, ಭೇಷ್ ಅದೀನಿ ಅಂದೆ. ಶಾಬಾಸ್ ಅಂದ್ರು!” ಎಂದು ಎದೆಯುಬ್ಬಿಸಿ ಹೇಳಿದ. ನೀನು ಅವನನ್ನು ನೋಡಿದೆ, ನನ್ನನ್ನು ನೋಡಿದೆ, ಹಣೆಹಣೆ ಬಡಿದುಕೊಂಡು ನಕ್ಕೆ. ನಗುನಗುತ್ತಲೇ ಕಣ್ಣೊರೆಸಿಕೊಂಡು, “ಮಾಡಿದ್ದುಣ್ಣೋ ಮಾರಾಯಾ ಅಂದಂಗಾತು. ನಾನಽ ತೊಳದು ಕಳಿಸಿದ್ನಲ್ಲ!” ಎಂದೆ. ಅರ್ಜಿ ತಿರಸ್ಕಾರವಾಯಿತು. ನಾನು ಮೇಲ್ಮನವಿ ಬರೆದೆ. ಉತ್ತರಕ್ಕೆ ಕಾಯುತ್ತ ಕಾಯುತ್ತ ನೀನು ಹಾಸಿಗೆ ಹಿಡಿದೆ. ಕೊನೆಗೆ ಎಲ್ಲರೂ ಬಾಯಿಗೆ ನೀರು ಬಿಡುತ್ತ ನಿಂತಿದ್ದರೆ ನನ್ನನ್ನು ಹತ್ತಿರ ಕರೆದು ಏನು ಹೇಳಿದೆ? ದೇವರ ಹೆಸರಲ್ಲ, ಬಂಗಾರದ ಮಾತಲ್ಲ. “ಶಾಂತಾ, ಇನ್ನೊಮ್ಮಿ ಕರದ್ರ ಅವನ್ನ ತೊಳದು ಕಳಸಬ್ಯಾಡ. ನೀನೂ ಸಂಗಾಟ ಹೋಗು.” ಸಾವಿನ ಮನೆಯಲ್ಲಿ ನನಗೆ ನಗು ಬಂತು, ಅತ್ತೀ. ಆಮೇಲೆ ಬಂದದ್ದು ನಗುವಲ್ಲ.

ಈಗ ಕೇಳು! ಮತ್ತೆ ಕರೆ ಬಂತು. ನಾನು ತೊಳೆಯಲಿಲ್ಲ! ಮೀಸೆಗೆ ಎಣ್ಣೆಯಿಲ್ಲ, ಅಂಗಿಗೆ ಇಸ್ತ್ರಿಯಿಲ್ಲ, ಪದಕ ಪೆಟ್ಟಿಗೆಯಲ್ಲೇ. ಕೊಪ್ಪಳದಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ, ನಿದ್ದೆಗೆಟ್ಟು, ಹೊಗೆ ಕುಡಿದು, ಮಿಲಿಟರಿ ದವಾಖಾನೆ ಮುಟ್ಟುವಾಗ ಇಬ್ಬರೂ ಸುಗ್ಗಿ ಮುಗಿಸಿದ ಎತ್ತುಗಳಂತಿದ್ದೆವು. ದಾರಿಯುದ್ದಕ್ಕೂ ಪಾಠ ಮಾಡಿದ್ದೆ: “ಠೀಕ್ ಅನಬ್ಯಾಡ್ರಿ. ಬಾಯಿ ತಪ್ಪೀನೂ ಅನಬ್ಯಾಡ್ರಿ.” ಅವನು ಪಾಪ ತಲೆಯಾಡಿಸಿದ್ದೇ ಆಡಿಸಿದ್ದು. ಒಳಗೆ ಹೋದ. ನಾನು ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ನೀನೇ ಕಲಿಸಿದ ವಿದ್ಯೆ ತಾನೇ ಅದು? “ಕೈಸೇ ಹೋ ಜವಾನ್?” ಬೂಟು ಠಪ್ ಎಂದಿತು. “ಏಕ್‌ದಂ ಠೀಕ್ ಹೂಂ ಸಾಬ್!” ಅಯ್ಯೋ ನನ್ನ ಕರ್ಮವೇ! ಆ ಕ್ಷಣ ನಿನ್ನ ಮಗ ಕೈಗೆ ಸಿಕ್ಕಿದ್ದರೆ ನಾನೇ ಅಂಗವಿಕಲ ಮಾಡಿಬಿಡುತ್ತಿದ್ದೆ.

ಕಾಗದ ಬರೆಯುವವರೆಗೆ ಹೊರಗೆ ಕೂತಿರು ಎಂದರಂತೆ. ಬಂದು ಬೆಂಚಿನ ಮೇಲೆ ಕೂತ. ನನ್ನ ಮುಖ ನೋಡಲು ಧೈರ್ಯವಿಲ್ಲ. ಬುತ್ತಿ ಬಿಚ್ಚಿ ಕೊಟ್ಟೆ, ರೊಟ್ಟಿ ತಿಂದ, ತಲೆ ಹಿಂದಕ್ಕೆ ವಾಲಿತು, ಶುರುವಾಯಿತು ಗೊರಕೆ! ಪಡಸಾಲೆಯ ಮಂದಿಯೆಲ್ಲ ತಿರುಗಿ ನೋಡಿದರು. ದವಾಖಾನೆಯ ಆಳೊಬ್ಬ ಎಬ್ಬಿಸಲು ಬಂದ. ಅಷ್ಟರಲ್ಲಿ ಗೊರಕೆ ನಿಂತಿತು. ನನ್ನ ಕೈ ತಾನಾಗಿಯೇ ಅವನ ಬೆನ್ನಿಗೆ ಹೋಯಿತು. “ತಡೀರಿ ಅಕ್ಕಾರ, ಮುಟ್ಟಬ್ಯಾಡ್ರಿ.” ಬೋರ್ಡಿನಲ್ಲಿ ಕೂತಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಗೊರಕೆ ಕೇಳಿ ಹೊರಗೆ ಬಂದಿದ್ದರು. ಧಾರವಾಡದ ಕಡೆಯವರಂತೆ. ಅವನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ನಿಂತರು. “ಹೆದರಬ್ಯಾಡ್ರಿ, ನಾ ಇಲ್ಲೇ ಅದೀನಿ. ನಾ ಕಣ್ಣಾರೆ ನೋಡಬೇಕು.”

ಅತ್ತೀ, ಇಷ್ಟು ವರ್ಷ ದಬ್ಬಿದ ಕೈಯನ್ನು ಆ ಹೊತ್ತು ಹಿಡಿದು ಕೂರುವುದು ಹೇಗಿತ್ತೆಂದು ನಿನಗಲ್ಲದೆ ಇನ್ನಾರಿಗೆ ಹೇಳಲಿ? ತುಟಿ ಕಪ್ಪಿಡುತ್ತಿದೆ, ಹೊಟ್ಟೆ ಎಗರುತ್ತಿದೆ, ಗಾಳಿ ಮಾತ್ರ ಒಳಗೆ ಹೋಗುತ್ತಿಲ್ಲ. ನನ್ನ ಕೈಯನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಕೆಳಗಿಟ್ಟುಕೊಂಡೆ. ಎಲ್ಲಿದ್ದರೂ ಬಾಗಿಲು ಬಡಿ ಅತ್ತೀ, ಬಡಿ ಎಂದು ಮನಸ್ಸಿನಲ್ಲೇ ನಿನ್ನನ್ನು ಕೂಗಿದೆ. ಕೇಳಿಸಿತೇ? ಗಕ್ಕನೆ ಉಸಿರೆಳೆದು, “ಮಣ್ಣು! ಮಣ್ಣ ತಗೀರಿ! ಅವ ಒಳಗದಾನ!” ಎಂದು ಚೀರಿ ಎದ್ದು ನಿಂತ. ಪಡಸಾಲೆಯಲ್ಲಿ ಯಾರೂ ನಗಲಿಲ್ಲ. ಡಾಕ್ಟರಮ್ಮ ಅವನ ಭುಜ ಹಿಡಿದು ಮೆಲ್ಲಗೆ ಕೂರಿಸಿದರು.

ಒಳಗೆ ಕರೆದರು, ಈ ಸಲ ನನ್ನನ್ನೂ. ನನ್ನ ಬಾಯಿ ಒಡೆದ ಕಾಲುವೆಯ ಹಾಗೆ ಹರಿಯಿತು. ಬಾವಿಯ ಮದ್ದು, ಮಿಲ್ಲಿನ ಗೇಟು, ಬಾಗಿಲು ಬಡಿತ, ಎಲ್ಲ. ಗುಳಿಗೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟೆ. ಡಾಕ್ಟರಮ್ಮ ತಿರುಗಿಸಿ ನೋಡಿ ದೊಡ್ಡ ಸಾಹೇಬರಿಗೆ ವಿವರಿಸಿದರು: ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುವ ರೋಗ ಇದು, ಚೀರಾಟ ಯುದ್ಧದ್ದು, ಚೀರಾಟಕ್ಕೆಂದು ಕೊಟ್ಟ ಗುಳಿಗೆಯೇ ಗಂಟಲನ್ನು ಇನ್ನಷ್ಟು ಸಡಿಲಿಸಿ ಉಸಿರು ಕಟ್ಟಿಸಿದೆ. “ಇದನ್ನೆಲ್ಲಾ ಮೊದಲು ಯಾರು ಗುರ್ತ ಹಿಡದ್ರು?” ಎಂದು ನನ್ನನ್ನು ಕೇಳಿದರು. “ನಮ್ಮತ್ತಿ ರೀ.” “ಅವರನ್ನ ಯಾಕ ಕರಕೊಂಡು ಬರ್ಲಿಲ್ಲ?”

ದೊಡ್ಡ ಸಾಹೇಬರು ಕನ್ನಡಕ ತೆಗೆದು, ನಿಜ ಹೇಳು ಎಂದು ಮತ್ತೆ ಅವನನ್ನೇ ಕೇಳಿದರು: “ಸಚ್ ಬತಾವ್. ಠೀಕ್ ಹೋ?” ನಿನ್ನ ಮಗ ಸೆಟೆದು ನಿಂತ, “ಏಕ್‌ದಂ ಠೀಕ್...” ಹಿಂದಿನಿಂದ ಚಿವುಟಿದೆ ನೋಡು! ಮಿಲಿಟರಿ ಸಾಹೇಬರ ಮುಂದೆಯೇ! ಅವನ ಬಾಯಿ ತೆರೆದೇ ಇತ್ತು. ಆಮೇಲೆ ಭುಜ ಇಳಿಯಿತು, ಕೈ ಇಳಿಯಿತು. “ಠೀಕ್ ನಹೀಂ ಹೂಂ, ಸಾಬ್.” ಅಷ್ಟು ಸಣ್ಣ ದನಿ ಅವನದೆಂದು ನನಗೇ ಗೊತ್ತಿರಲಿಲ್ಲ. ನಿಂತುಕೊಂಡೇ ಕಂದಕದ ಕಥೆಯನ್ನು ಕೊನೆಯವರೆಗೆ ಹೇಳಿದ. ಪಕ್ಕದವನ ಬೆನ್ನ ಮೇಲೆ ಇವನು ಕೈಯಿಟ್ಟುಕೊಂಡಿದ್ದನಂತೆ, ಅತ್ತೀ. ಉಸಿರು ನಿಂತ ಮೇಲೂ ತೆಗೆಯಲಿಲ್ಲವಂತೆ.

ಮೊನ್ನೆ ಆದೇಶ ಬಂತು! ಇದೇ ಸುದ್ದಿ, ಹೇಳಿಬಿಟ್ಟೆ! ಇಂಗ್ಲಿಷಿನಲ್ಲಿತ್ತು. ಸಾಲಿಯ ಹೆಡ್‌ಮಾಸ್ತರು ಕಟ್ಟೆಯ ಮೇಲೆ ನಿಂತು ಕನ್ನಡ ಮಾಡಿ ಓದಿದರು: ಇವರ ಕಾಯಿಲೆ ಸೈನಿಕ ಸೇವೆಯಿಂದಲೇ ಬಂದದ್ದು, ಪಿಂಚಣಿ ಮಂಜೂರಾಗಿದೆ. “ಮೊದಲನೇ ಮಾತು ಇನ್ನೊಮ್ಮಿ ಓದ್ರಿ ಸರ್” ಎಂದೆ. ಓದಿದರು. “ಇನ್ನೊಮ್ಮಿ ರೀ.” ನಿಂಗಪ್ಪಣ್ಣನ ಕಿವಿಗೆ ಚೆನ್ನಾಗಿ ಬೀಳಲಿ ಎಂದು! ನೀನಿದ್ದಿದ್ದರೆ ಹಿಟ್ಟಿನ ಕೈಯಲ್ಲೇ ಕುಣಿಯುತ್ತಿದ್ದೆ. ಎಲ್ಲರೂ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಿದ್ದರೆ ನಿನ್ನ ಮಗ ಎಲ್ಲಿ? ಕಟ್ಟೆಯ ಕಂಬಕ್ಕೆ ಒರಗಿ ನಿದ್ದೆ! ಯಾವನೋ ಕಿಸಕ್ಕೆಂದ. ನಿಂಗಪ್ಪಣ್ಣ ತನ್ನ ರುಮಾಲು ಸುತ್ತಿ ಅವನ ತಲೆಗೆ ಇಂಬು ಮಾಡಿ, “ಸುಮ್ಕಿರ್ರಲೇ, ಮಲಗ್ಲಿ. ಲಡಾಯಿ ಮಾಡಿ ಬಂದಾನ” ಎಂದ. ನನಗೆ ಅಳು ಬಂತು. ನಿಂಗಪ್ಪಣ್ಣನ ಮೇಲಿನ ಸಿಟ್ಟೂ ಅಲ್ಲಿಗೇ ಇಳಿಯಿತು.

ನಾವು ದವಾಖಾನೆಯಿಂದ ಹೊರಡುವಾಗ ಡಾಕ್ಟರಮ್ಮ ಒಂದು ಮಾತು ಹೇಳಿದ್ದರು. ಗುಳಿಗೆಯನ್ನು ತಾವು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು, ಅಂಗಾತ ಮಲಗಗೊಡಬಾರದು. “ಬನೀನಿನ ಬೆನ್ನಿಗೆ ಒಂದು ಚೆಂಡು ಹೊಲದ ಬಿಡ್ರಿ. ಹೊರಳಿದ್ರ ಒತ್ತತೈತಿ, ಮಗ್ಗಲಾಗತಾರ.” ಚೆಂಡು ಎಲ್ಲಿಂದ ತರಲಿ? ನಿನ್ನ ಹಸಿರು ಇಳಕಲ್ ಸೀರೆಯಿತ್ತಲ್ಲ, ಯಾರಿಗೂ ಕೊಡದೆ ಇಟ್ಟುಕೊಂಡಿದ್ದೆ. ಬೈಯಬೇಡ. ಸೆರಗು ಕತ್ತರಿಸಿ, ಗಟ್ಟಿಯಾಗಿ ಉಂಡೆ ಸುತ್ತಿ, ಅವನ ಬನೀನಿಗೆ ಹೊಲಿದೆ. ಗೊರಕೆ ಪೂರಾ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ? ಉಸಿರು ನಿಲ್ಲುವುದು ಕಡಿಮೆಯಾಗಿದೆ. ಚೀರಾಟವೂ ಅಷ್ಟೆ. ಅಂಗಾತ ಹೊರಳಲು ಹೋದರೆ ನಿನ್ನ ಸೆರಗು ಬೆನ್ನಿಗೆ ಒತ್ತುತ್ತದೆ, ಅವನು ಸರಕ್ಕನೆ ಮಗ್ಗುಲಾಗುತ್ತಾನೆ.

ನಿನ್ನ ಕೈ ಅವನ ಬೆನ್ನ ಮೇಲೇ ಇದೆ, ಅತ್ತೀ. ನೀನಿನ್ನು ಬಾಗಿಲಾಚೆ ಕಿವಿಗೊಟ್ಟು ಕೂರಬೇಡ. ಮಲಗು.

ನಿನ್ನ ತಮ್ಮನ ಮಗಳು, ನಿನ್ನ ಸೊಸೆ,
ಶಾಂತಾ