ತಾಳವಾಡಿಯಲ್ಲಿ ಹಾಡಿದ ಎರಡು ಸಾಲು

ಸಂಜೆ ಆರು ಗಂಟೆ, ತಾಳವಾಡಿ

ಅಕ್ಕನಿಗೆ ನಮಸ್ಕಾರ. ನಮಿತಳ ಕಾರ್ಯಕ್ರಮ ಈಗಷ್ಟೇ ಮುಗಿಯಿತು. ಸುಗುಣ ತೀರಿಕೊಂಡು ಐದು ತಿಂಗಳಾಯಿತು; ಅಂದಿನಿಂದ ಮಗಳು ತಮಿಳು, ತೆಲುಗು, ಹಿಂದಿಯಲ್ಲಿ ಹಾಡಿ ಕುಣಿಯುತ್ತಾಳೆ, ಕನ್ನಡದಲ್ಲಿ ಮಾತ್ರ ಹಾಡುವುದಿಲ್ಲ. ಕನ್ನಡದ ಹಾಡುಗಳನ್ನು ಅವಳೂ ಅಮ್ಮನೂ ಜೊತೆಗೆ ಕೂತು ಬರೆಯುತ್ತಿದ್ದದ್ದು ನಿನಗೆ ಗೊತ್ತಲ್ಲ. ಇದು ತಮಿಳುನಾಡಿನ ಊರು, ಯಾರೂ ಕನ್ನಡ ಕೇಳುವುದಿಲ್ಲ ಎಂದೇ ಇಲ್ಲಿ ಹಾಡಲು ಒಪ್ಪಿಕೊಂಡಿದ್ದಳು. ಬಂದು ನೋಡಿದರೆ ಈ ಬೆಟ್ಟದ ಮೇಲೆ ಮನೆಮನೆಯಲ್ಲೂ ಕನ್ನಡ.

ನಾಲ್ಕು ಹಾಡಾದ ಮೇಲೆ, ನಾವು ಉಳಿದುಕೊಂಡಿರುವ ಮನೆಯ ಶಿವಮಲ್ಲಮ್ಮ ಮುಂದೆ ಕೂತಲ್ಲಿಂದಲೇ ಕೂಗಿದರು: "ಕುಣ್ದದ್ದು ಸಾಕು ಕಣವ್ವ, ನಮ್ ಮಾತಲ್ಲೊಂದು ಆಡೇಳು." ಇವಳು ಮೈಕಿನಲ್ಲಿ, ತನಗೆ ಕನ್ನಡ ಬರುವುದಿಲ್ಲ ಎಂದು ತಮಿಳಿನಲ್ಲಿ ಹೇಳಿಬಿಟ್ಟಳು. ನಾನು ತಲೆ ತಗ್ಗಿಸಿದೆ. ಆಕೆ ಬಿಡಲಿಲ್ಲ, ಬೆಳಿಗ್ಗೆ ನನ್ನ ಮಾತ್ರೆಯ ಜಗಳ ಕೇಳಿಸಿಕೊಂಡಿದ್ದರು. "ಮಾತ್ರ ನುಂಗ್ನಿಲ್ಲ ಅಂತ ಒತ್ತಾರೆ ನಿಮ್ಮಪ್ಪುನ್ಗ ಬೈದ್ಯಲ್ಲ, ಅದ್ಯಾವ ಭಾಸೆ?"

ಮೈದಾನವೆಲ್ಲ ನಕ್ಕಿತು, ಅವಳೂ ನಕ್ಕಳು. ನಗು ನಿಂತ ಮೇಲೆ ಸುಗುಣ ಆಸ್ಪತ್ರೆಯಲ್ಲಿ ಹೇಳಿ ಬರೆಸಿದ ಎರಡು ಸಾಲನ್ನು ಹಾಡಿ, "ಇಷ್ಟೇ ಇರೋದು" ಎಂದು ನಿಲ್ಲಿಸಿದಳು. "ಇಷ್ಟೇ ಇದ್ರ ಇದ್ನೇ ಇನ್ನೊಂದಪ ಆಡು," ಎಂದರು ಶಿವಮಲ್ಲಮ್ಮ. ಮೂರು ಸಲ ಹಾಡಿಸಿದರು.

ಘಾಟಿಯುದ್ದಕ್ಕೂ ಕೂತು ಬಂದು ಮಂಡಿ ಹಿಡಿದುಕೊಂಡಿದೆ, ಬೇರೆ ತೊಂದರೆಯಿಲ್ಲ. ಬಹಳ ದಣಿವು. ಕಾರ್ಡಿನಲ್ಲಿ ಜಾಗವೂ ಮುಗಿಯಿತು.

ನಿನ್ನ ತಮ್ಮ ರೇವಣ್ಣ

ನಾಳೆ ಏಳಕ್ಕೆ ಕೊಯಮತ್ತೂರಿಗೆ ಹೊರಡುತ್ತೇವೆ. ಅಲ್ಲಿ ಹಾಡಬೇಕಾದದ್ದೆಲ್ಲ ತಮಿಳು.